ಬಾಗಿಲಿನ ಬಿಳುಪು

“ಎರಡೂ ಒಂದೇ ಬಿಳಿ ತಾನೇ, ಮಗಳೇ?” ಸ್ಪ್ರೇ ಗನ್ ಹಿಡಿದೇ ಅಪ್ಪ ಕೇಳಿದ. ಆಗಷ್ಟೇ ಬಣ್ಣ ಹೊಡೆದ ಕಾರಿನ ಬಾಗಿಲು ಪಕ್ಕದ ಬಾಗಿಲಿನೆದುರು ಬೆಣ್ಣೆ ಸವರಿದಂತೆ ಹಳದಿಯಾಗಿತ್ತು.

ಬಣ್ಣ ಕಲೆಸಿದವಳು ಅವಳೇ. ಫೋನಿನಲ್ಲಿ ಹರಟುತ್ತಾ ಹಳದಿ ತುಸು ಹೆಚ್ಚೇ ಸುರಿದಿದ್ದಳು. ಈಗ ಒಪ್ಪಿಕೊಂಡರೆ ಬಾಗಿಲನ್ನೆಲ್ಲ ಉಜ್ಜಿ ಮೊದಲಿನಿಂದ ಹೊಡೆಯಬೇಕು. ಕಾರಿನವನೋ ಹೊರಗೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. “ಹೂಂ ಅಪ್ಪ, ಒಂದೇ ಇದೆ,” ಎಂದಳು.

ಅಪ್ಪ ಬಾಗಿಲಿನ ಹತ್ತಿರ ಮುಖ ತಂದು ಇನ್ನೊಮ್ಮೆ ನೋಡಿದ. ಆಮೇಲೆ ಗನ್ ಒರೆಸಿ ಅವಳ ಕೈಗಿಟ್ಟ. “ಹಾಗಾದ್ರೆ ಆಪರೇಷನ್ ಆದ್ರೂ ಕಣ್ಣು ಸರಿಹೋಗಿಲ್ಲಮ್ಮ. ನನಗೆ ಹಳದಿ ಕಾಣ್ತಿದೆ. ಇನ್ಮೇಲೆ ಬಣ್ಣ ನೀನೇ ಹೊಡಿ.”

ಅವಳು ಬಾಯಿ ತೆರೆದಳು. “ಆಯ್ತಾ?” ಎಂದು ಹೊರಗಿನಿಂದ ಕಾರಿನವನು ಕೂಗಿದ. ಅವಳ ಬಾಯಿಂದ ಮತ್ತೆ “ಹೂಂ” ಎಂಬುದೇ ಹೊರಟಿತು.