ಎಡದಿಂದ ಮೂರನೆಯವರು

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಪುಟ್ಟ ಪ್ರಕಾಶನ ನಡೆಸುತ್ತಿದ್ದ ಡೋರೀನ್ ಕರಡಿನ ಅದೇ ಸಾಲಿನ ಮೇಲೆ ಐದನೆಯ ಸಲ ಬೆರಳಿಟ್ಟಳು. ಚರ್ಚಿನ ಗಂಟೆ ಬಾರಿಸುವವರ ಹಳೆಯ ಚಿತ್ರದ ಕೆಳಗೆ ಎಲ್ಲರ ಹೆಸರೂ ಇತ್ತು. ಎಡದಿಂದ ಮೂರನೆಯವನಿಗೆ ಮಾತ್ರ ‘ಗುರುತು ಸಿಕ್ಕಿಲ್ಲ’ ಎಂದಿತ್ತು.

“ನಿಮ್ಮದೇ ಮೂಗು, ನಿಮ್ಮದೇ ಕಿವಿ! ಇಡೀ ಊರಿಗೆ ಗೊತ್ತು, ಅದು ನಿಮ್ಮ ತಮ್ಮ ಹೆಡ್ಲಿ ಅಂತ. ಊರಿನ ಇತಿಹಾಸ ಬರೆದೋರಿಗೇ ಗೊತ್ತಿಲ್ವಾ, ಸೆಡ್ರಿಕ್?”

“ನನಗೆ ತಮ್ಮ ಇಲ್ಲ ಕಣಮ್ಮ,” ಎಂದ ಮುದುಕ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ. ದೊಡ್ಡ ಗಂಟೆಯ ಹಗ್ಗ ಯಾರ ಕೈಗೆ ಎಂಬ ಜಗಳದಲ್ಲಿ ಅಣ್ಣತಮ್ಮಂದಿರ ಮಾತು ನಿಂತು ಮೂವತ್ತೊಂದು ವರ್ಷವಾಗಿತ್ತು. ಭಾನುವಾರ ಮಾತ್ರ ಇಬ್ಬರೂ ಒಂದೇ ದೇವರ ಮುಂದೆ, ಬೇರೆ ಬೇರೆ ಸಾಲಿನಲ್ಲಿ ಮೊಣಕಾಲೂರುತ್ತಿದ್ದರು.

“ಸಾಕಾಯ್ತು ಮಾರಾಯ್ರೆ! ಈ ಸುಳ್ಳನ್ನ ನಾನು ಅಚ್ಚಿಗೆ ಕಳಿಸಲ್ಲ. ಹನ್ನೊಂದು ವರ್ಷ ಬರೆದದ್ದನ್ನ ಮನೆಗೇ ತಗೊಂಡು ಹೋಗಿ.”

ಸೆಡ್ರಿಕ್ ಮುಖ ಊದಿಸಿಕೊಂಡು ಹಾಳೆಗಳನ್ನು ಬಾಚಿಕೊಂಡ. ಮೇಲೆ ಬಂದದ್ದು ಕೊನೆಯ ಪುಟ. ಮುಂಚಿತವಾಗಿ ಪ್ರತಿ ಕಾದಿರಿಸಿದವರ ಹೆಸರನ್ನು ಪುಸ್ತಕದಲ್ಲೇ ಅಚ್ಚು ಹಾಕುವುದು ಅಲ್ಲಿಯ ರೂಢಿ. ಮೊದಲ ಹೆಸರು, ಹೆಡ್ಲಿ ಮೆಟ್‌ಕಾಫ್. ಎರಡು ಪ್ರತಿ.

“ಎರಡು ಯಾಕಂತೆ ಅವನಿಗೆ?”

“ಒಂದು ಓದೋಕೆ, ಇನ್ನೊಂದು ಚರ್ಚಿಗೆ. ‘ನಮ್ಮಣ್ಣ ಬರೆದದ್ದು’ ಅಂತ ಬೀಗಿಕೊಂಡು ಹೋದ.”

ಮುದುಕ ಹಾಳೆಗಳ ನಡುವಿನಿಂದ ಆ ಚಿತ್ರದ ಪುಟ ಹುಡುಕಿ ತೆಗೆದ. ಆಮೇಲೆ ಪೆನ್ಸಿಲ್ ತೆಗೆದು ‘ಗುರುತು ಸಿಕ್ಕಿಲ್ಲ’ ಎಂಬ ಎರಡು ಪದ ಹೊಡೆದುಹಾಕಿ, ತಮ್ಮನ ಹೆಸರು ಬರೆದ.

“ಅಚ್ಚಿನವರಿಗೆ ನಾಳೆ ಕೊಡ್ತೀವಿ ಅಂತ ಹೇಳು,” ಎಂದ ತಲೆಯೆತ್ತದೆ. “ಆ ಗಂಟೆಯನ್ನ ಅವನು ಬಾರಿಸ್ತಿದ್ದ ಚೆಂದದ ಬಗ್ಗೆ ಒಂದು ಪುಟ ಬಿಟ್ಟುಹೋಗಿದೆ.”