ಐವತ್ತರ ಮಂಡಿ

ನಮ್ಮ ನೋವು ಪರೀಕ್ಷಾಲಯದಲ್ಲಿ ದಿನದ ಮೊದಲ ಕೆಲಸ ಸಾವಂತ್ರಮ್ಮನವರದು. ಅವರ ಮಂಡಿನೋವು ಸರಿಯಾಗಿ ಐವತ್ತು ಎಂದು ದೆಹಲಿಯ ಮಾಪನ ಕಚೇರಿಯವರು ಅಳೆದು ಪ್ರಮಾಣಪತ್ರ ಕೊಟ್ಟಿದ್ದಾರೆ. ಬೆಳಿಗ್ಗೆ ಅವರ ಮಂಡಿಗೆ ನೋವಳೆಯುವ ಯಂತ್ರದ ಪಟ್ಟಿ ಸುತ್ತಿ, ಅದರ ಮುಳ್ಳನ್ನು ಐವತ್ತಕ್ಕೆ ತಿರುಗಿಸಿ ನಿಲ್ಲಿಸುತ್ತೇನೆ. ಆಮೇಲೆ ಊರಿನವರ ನೋವನ್ನೆಲ್ಲ ಅದರಲ್ಲೇ ಅಳೆಯುತ್ತೇನೆ.

ಇವತ್ತು ಗಾರ್ಮೆಂಟ್ಸಿನ ರತ್ನವ್ವ ಮೂರನೇ ಸಲ ಬಂದಿದ್ದಳು. ಸೊಂಟನೋವು ನಲವತ್ತು ಮುಟ್ಟಿದರೆ ಫ್ಯಾಕ್ಟರಿಯಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರೆ. ಬಂದದ್ದು ಮೂವತ್ತನಾಲ್ಕು; ಯಂತ್ರದ ಲೆಕ್ಕದಲ್ಲಿ ಮೂರು ಹೆಚ್ಚೋ ಕಡಿಮೆಯೋ ಇರಬಹುದು.

"ಆ ಮೂರು ಸೇರಿಸಿದ್ರೂ ನಲವತ್ತಾಗಲ್ಲ ರತ್ನವ್ವ."

"ಹಂಗಂತ ಸೊಂಟಕ್ಕೆ ಹೇಳ್ತೀನಿ ಬಿಡಿ ಮೇಡಂ," ಎಂದು ಅವಳು ಮೇಜು ಹಿಡಿದು ಎದ್ದಳು.

ಅಲ್ಲೇ ಕೂತಿದ್ದು ಅವಳಿಗೆ ಆಸರೆಯಾಗಲು ಎದ್ದು ಬಂದ ಸಾವಂತ್ರಮ್ಮ ಎರಡು ಹೆಜ್ಜೆಯಿಟ್ಟು ಗೋಡೆಗೆ ಒರಗಿಬಿಟ್ಟರು. ಮುಖವೆಲ್ಲ ಬೆವರು.

"ಯಾವಾಗಿಂದ ಹೀಗಮ್ಮ?" ಎಂದೆ.

"ಯುಗಾದಿಯಿಂದ ಜಾಸ್ತಿ ಆಗೈತೆ ಕಣವ್ವ. ಐವತ್ತು ದಾಟಬಾರ್ದಲ್ಲ ಅಂತ ಹಲ್ಲು ಕಚ್ಚಿ ತಡ್ಕಂಡಿದ್ದೆ."

ತಡೆದುಕೊಂಡ ನೋವು ಮುಖದಲ್ಲಿ ಕಾಣದಿರಬಹುದು, ಮಂಡಿಯಲ್ಲಿ ಇದ್ದೇ ಇರುತ್ತದೆ. ಆ ಹೆಚ್ಚಿದ ನೋವಿಗೇ ನಾನು ದಿನಾ ಐವತ್ತೆಂದು ಮುಳ್ಳು ನಿಲ್ಲಿಸಿದ್ದೆ. ಹಾಗಾಗಿ ಮಿಕ್ಕವರ ನೋವೆಲ್ಲ ಇದ್ದದ್ದಕ್ಕಿಂತ ಕಡಿಮೆ ತೋರಿಸಿತ್ತು.

ಇಬ್ಬರಿಗೂ ಕುರ್ಚಿ ಎಳೆದು ಹಾಕಿ, ಯುಗಾದಿಯಿಂದೀಚಿನ ರಿಜಿಸ್ಟರ್ ತೆಗೆದೆ. ನಿಂತೇ ಕೆಲಸ ಮಾಡಬಹುದು ಎಂದು ನಾನು ಬರೆದುಕೊಟ್ಟು ಕಳಿಸಿದ್ದು ಇನ್ನೂರ ಹದಿನಾರು ಜನರನ್ನು. ಮೊದಲ ಹೆಸರು ಹಮಾಲಿ ಹಾಲೇಶಪ್ಪನದು. ಫೋನ್ ಮಾಡಿದೆ.

"ನೋವಿನ ಲ್ಯಾಬಿಂದ ಮಾತಾಡ್ತಿದೀನಿ ಹಾಲೇಶಣ್ಣ. ಅವತ್ತು ನೀವು ನೋವು ಇನ್ನೂ ಜಾಸ್ತಿ ಇದೆ ಅಂದಿದ್ದೇ ನಿಜ ಅನ್ಸುತ್ತೆ. ಇನ್ನೊಂದ್ಸಲ ಬರ್ತೀರಾ?"