ಏಡಿ ಕಚ್ಚಿದ ಜಾಗ

"ನನ್ ಹಾಡಿನ ಮೇಲೆ ಆ ಕುಂಯ್ ಅನ್ನೋದನ್ನ ಕೂರಿಸಿದ್ದು ಯಾರು?"

ಹೇರೂರಿನ ನಾಗಿ ಚಪ್ಪಲಿಯನ್ನು ಹೊರಗೆ ಬಿಟ್ಟು ಸೀದಾ ಧ್ವನಿಮುದ್ರಣದ ಕೋಣೆಗೇ ಬಂದಿದ್ದಳು. ಶಿರಸಿಯ ಆ ಪುಟ್ಟ ಸಮುದಾಯ ರೇಡಿಯೊವನ್ನು ನಡೆಸುತ್ತಿದ್ದ ವಿನೋದಾ ಹೆಡ್‌ಫೋನ್ ತೆಗೆದು ಕೆಳಗಿಟ್ಟಳು.

"ನಾನೇ, ನಾಗಕ್ಕ. ಕೂತ್ಕೊಳ್ಳಿ."

"ಕೂರಕ್ಕೆ ಬಂದಿದ್ದಲ್ಲ."

ಹಿಂದಿನ ಸಂಜೆ ನಾಗಿಯ ನಾಟಿ ಹಾಡು ಪ್ರಸಾರವಾಗಿತ್ತು. ಕೆಸರಿನಲ್ಲಿ ಸಸಿ ನೆಡುವ ಹುಡುಗಿಗೆ ಏಡಿ ಕಚ್ಚುತ್ತದೆ. ಮೊದಲ ನುಡಿಯಲ್ಲಿ ಹಿಮ್ಮಡಿಗೆ, ಎರಡನೆಯದರಲ್ಲಿ ಮೊಣಕಾಲಿಗೆ, ಕೊನೆಯದರಲ್ಲಿ ಇನ್ನೂ ಮೇಲೆ. ಕೊನೆಯ ನುಡಿಯಲ್ಲಿ ಆ ಜಾಗದ ಹೆಸರು ಬಂದ ಮೂರೂ ಕಡೆ ವಿನೋದಾ ಮುಕ್ಕಾಲು ಸೆಕೆಂಡಿನ ಒಂದು ಸಪಾಟು ಶಬ್ದವನ್ನು ಕೂರಿಸಿದ್ದಳು. ಭೌತಶಾಸ್ತ್ರ ಓದಿದವಳು; ಅಕ್ಕಪಕ್ಕದ ಒಂದು ಅಕ್ಷರವೂ ತುಂಡಾಗದಂತೆ ಅಳೆದು ಮಾಡಿದ್ದಳು. ಹೋದ ತಿಂಗಳು ಮದುವೆಯಲ್ಲಿ ಬೀಗರನ್ನು ಛೇಡಿಸುವ ಒಂದು ಹಾಡನ್ನು ಕೇಳಿ ಯಾರೋ "ಇದು ಅಶ್ಲೀಲ, ಕಾನೂನು ಕ್ರಮ ಕೈಗೊಳ್ಳುತ್ತೇವೆ" ಎಂದು ಪತ್ರ ಬರೆದಿದ್ದರು. ಲೈಸೆನ್ಸ್ ನವೀಕರಣದ ಅರ್ಜಿ ದೆಹಲಿಯಲ್ಲಿತ್ತು. ಸಮಿತಿಯ ಅಧ್ಯಕ್ಷ ಅನಂತಮೂರ್ತಿ ಹೆದರಿ, ಇನ್ನು ಮೊಣಕಾಲಿನಿಂದ ಮೇಲಿನ ಯಾವುದೂ ಬೇಡ ಎಂದಿದ್ದರು.

"ನಾನು ಹಾಡಿದ್ದು ತೊಡೆ ಅಂತ," ಎಂದಳು ನಾಗಿ. "ನಿಮ್ ಕುಂಯ್ ಕೇಳಿ ಊರೋರೆಲ್ಲ ಬೇರೇದೇ ತಿಳ್ಕಂಡ್ರು. ಬೆಳಿಗ್ಗೆ ನಲ್ಲಿ ಹತ್ರ ಆ ಕಲ್ಲವ್ವ ಕೇಳ್ತಾಳೆ, ಏನೇ ನಾಗಿ, ರೇಡಿಯೊದಾಗೂ ಅದನ್ನೇ ಹೇಳ್ಬಿಟ್ಯಾ ಅಂತ."

"ಅದನ್ನೇ ಅಂದ್ರೆ?"

ಮೈಕಿನ ಕೆಂಪು ದೀಪ ಆರಿದೆಯೇ ಎಂದು ನಾಗಿ ನೋಡಿಕೊಂಡಳು. ಆಮೇಲೆ ಹೇಳಿದಳು. ವಿನೋದಾಗೆ ನಗು ತಡೆಯಲಾಗಲಿಲ್ಲ.

"ನಗಾಡ್ತೀರಿ. ಗದ್ದೇಲಿ ಅದಕ್ಕೊಂದು ರೀತಿ ಐತೆ ಅಮ್ಮಾ. ಬದುವಿನ ಮೇಲೆ ಗಂಡಸ್ರೋ ದೊಡ್ಡೋರೋ ನಿಂತಿದ್ರೆ ತೊಡೆ. ಅವ್ರು ಆಚೆ ಹೋದ್ಮೇಲೆ ಇನ್ನೊಂದು. ಯಾರೂ ಹೇಳ್ಕೊಡೋದು ಬ್ಯಾಡ. ರೇಡಿಯೊ ಅಂದ್ರೆ ಊರಿಗೆ ಊರೇ ಬದುವಿನ ಮೇಲೆ ನಿಂತಂಗೆ ಅಂತ ನಾನೇ ತೊಡೆ ಹಾಕಿದ್ದೆ. ನಾನು ಮುಚ್ಚಿದ್ದರ ಮೇಲೆ ನೀವು ಇನ್ನೊಂದ್ಸಲ ಮುಚ್ಚಿದ್ರಿ. ಈಗ ಎಲ್ಲಾ ಬಿಚ್ಚಿದಂಗಾತು."

ಅವಳ ದನಿ ಇಳಿಯಿತು. ಭಾನುವಾರ ಮೊಮ್ಮಗಳು ರಕ್ಷಿತಾಳನ್ನು ನೋಡಲು ಸೋಂದಾ ಕಡೆಯವರು ಬರುವವರಿದ್ದರು. "ಹುಡುಗನ ಅಜ್ಜಿ ಪಾರ್ವತವ್ವ ದಿನಾ ನಿಮ್ ರೇಡಿಯೊ ಕೇಳ್ತಾರಂತೆ. ಇಂಥ ಬಾಯಿ ಇರೋ ಮನೆ ಹುಡುಗಿ ಬ್ಯಾಡ ಅಂದ್ರೆ? ಇವತ್ತೇ ಅವ್ರ ಕಿವಿಗೆ ತೊಡೆ ಅಂತ ಬೀಳ್ಬೇಕು."

"ಮೊಣಕಾಲನ್ನೇ ಇನ್ನೊಂದ್ಸಲ ಹಾಡಿಬಿಟ್ರೆ?"

"ಮೇಲೆ ಹತ್ತದಿದ್ರೆ ಅದೆಂಥ ಏಡಿ, ಅದೆಂಥ ಹಾಡು?"

ವಿನೋದಾ ಕಂಪ್ಯೂಟರಿನ ಕಡೆ ತಿರುಗಿದಳು. ಪರದೆಯ ಮೇಲೆ ನಾಗಿಯ ದನಿ ಗುಡ್ಡಸಾಲಿನ ಹಾಗೆ ಏರಿ ಇಳಿದಿತ್ತು. ಮೂರು ಕಡೆ ಮಾತ್ರ ಇಟ್ಟಿಗೆ ಇಟ್ಟಂತೆ ಚೌಕ. ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅವಳು ಅನಂತಮೂರ್ತಿಗೆ ಫೋನ್ ಮಾಡಿ, ಇಬ್ಬರ ಮನೆಮಾತಾದ ಹವ್ಯಕದಲ್ಲಿ ಹೇಳಿದಳು.

"ಅನಂತಣ್ಣ, ಆನು ಆ ಹಾಡು ಇವತ್ತು ಪೂರ್ತಿ ಹಾಕ್ತೆ."

"ತೊಡೇಲಿ ಎಂತ ತಪ್ಪೂ ಇಲ್ಲೆ ತಂಗಿ. ಆದ್ರೆ ಕಾನೂನಲ್ಲಿ ಇಂಥ ಶಬ್ದ ಅಶ್ಲೀಲ ಹೇಳಿ ಪಟ್ಟಿ ಇಲ್ಲೆ. ಯಾರಾದ್ರೂ ಕೇಸು ಹಾಕಿದ ಮೇಲೇ ಗೊತ್ತಾಗ್ತು. ಲೈಸೆನ್ಸ್ ಹೋದ್ರೆ ಎಂತ ಗತಿ?"

"ಯಂಗೆ ಗೊತ್ತಿಲ್ಲೆ," ಎಂದಳು ವಿನೋದಾ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಅವಳಿಗೆ ಓದಿನಿಂದ ಬಂದ ಅಭ್ಯಾಸ. ಫೋನ್ ಇಟ್ಟು, ಕುಂಯ್ ಇಲ್ಲದ ಮೂಲ ಮುದ್ರಣವನ್ನು ಹುಡುಕಿ ತೆಗೆದಳು.

ಹನ್ನೊಂದೂವರೆಗೆ ಕೇಳುಗರು ಫೋನ್ ಮಾಡಿ ನೇರವಾಗಿ ಮಾತಾಡುವ ಕಾರ್ಯಕ್ರಮ. ನಾಗಿಯನ್ನು ಮೈಕಿನ ಮುಂದೆ ಕೂರಿಸಿ, ನಿನ್ನೆ ಪದ ಮುಚ್ಚಿದ್ದು ನಾವು, ಹಾಡಿದವರು ಹಾಡಿದ್ದು ಹೀಗೆ ಎಂದಷ್ಟೇ ಹೇಳಿ ವಿನೋದಾ ಹಾಡನ್ನು ಬಿಟ್ಟಳು. ಹಿಮ್ಮಡಿ, ಮೊಣಕಾಲು, ತೊಡೆ. ಏನೂ ಅಡ್ಡ ಬರಲಿಲ್ಲ. ನಾಗಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

ಹಾಡು ಮುಗಿಯುವುದಕ್ಕೂ ಫೋನ್ ಬರುವುದಕ್ಕೂ ಸರಿಹೋಯಿತು.

"ಸೋಂದಾದಿಂದ ಪಾರ್ವತವ್ವ ಮಾತಾಡೋದು."

ಫೋನಿನ ದನಿಯನ್ನು ತಡೆಯುವ ಗುಂಡಿಯೊಂದಿತ್ತು. ವಿನೋದಾಳ ಬೆರಳು ತಾನಾಗಿ ಅದರ ಮೇಲೆ ಹೋಗಿ ಕೂತಿತು.

"ನಾಗವ್ವ ಅಲ್ಲೇ ಇದಾಳಾ? ನಿನ್ನೆ ಕುಂಯ್ ಅಂದಾಗ ಭಾಳ ಖುಷಿಯಾಗಿತ್ತು ಕಣವ್ವಾ. ಆ ಪದ ಬಲ್ಲೋಳು ಒಬ್ಳು ಸಿಕ್ಕಳಲ್ಲ, ಭಾನುವಾರ ನಿಮ್ಮನೆಗೆ ಬಂದಾಗ ಜೊತೇಲಿ ಕೂತು ಹಾಡೋಣ ಅಂದ್ಕಂಡಿದ್ದೆ. ಇವತ್ತು ನೋಡಿದ್ರೆ ತೊಡೆ ಅಂತೀಯಲ್ಲವ್ವಾ! ಬದುವಿನ ಮೇಲೆ ಯಾರು ನಿಂತಿದ್ರು?"

ನಾಗಿ ವಿನೋದಾಳ ಬೆರಳಿನ ಕಡೆ ನೋಡಿದಳು.

ವಿನೋದಾ ಅದನ್ನು ಗುಂಡಿಯಿಂದ ತೆಗೆದು ಮಡಿಲಿನಲ್ಲಿಟ್ಟುಕೊಂಡಳು.